ಮೂಲೆಯ ಬಣ್ಣ

ನಾವು ಒಂಟೆ ಎನ್ನುವ ಕಾಯಿಗೆ
ಜಾರ್ಜಿಯಾದ ಕುತೈಸಿಯಲ್ಲಿ ಆಮೆ ಎನ್ನುತ್ತಾರೆ.
ಓರೆಯಲ್ಲೇ ಹುಟ್ಟಿ ಓರೆಯಲ್ಲೇ ಸಾಯುವ ಪ್ರಾಣಿ;
ಬಿಳಿ ಮನೆಯಲ್ಲಿ ಕಣ್ಣುಬಿಟ್ಟದ್ದು
ಕರಿ ಮನೆಯ ಹೊಸ್ತಿಲು ತುಳಿಯದು,
ಎಷ್ಟು ಕಾಲ ಬದುಕಿದರೂ.

ಲಾಮಾರಾ ಆಟ ಕಲಿತದ್ದು ಅಜ್ಜಿಯ ಹಾಸಿನ ಮೇಲೆ,
ಮೂವತ್ತೊಂದು ಕಾಯಿ, ಒಂದು ಬಿರಡೆ.
ಕರಿ ಮನೆಗಳಲ್ಲಿ ಓಡಾಡಬೇಕಿದ್ದ ಬಿಳಿಯರ ಆಮೆ
ಯಾವಾಗಲೋ ಕಳೆದು
ಅದರ ಜಾಗದಲ್ಲಿ
ಯಾರದೋ ಮದುವೆಯ ವೈನ್ ಬಾಟಲಿಯ ಬಿರಡೆ ನಿಂತಿತ್ತು.
ಬಿರಡೆ ತಾನೇ, ಹೋದರೆ ಹೋಗಲಿ:
ಸಿಕ್ಕ ಕುದುರೆಗೆ ಅದನ್ನು ಬದಲಿ ಕೊಡುವುದು
ಆರನೇ ವಯಸ್ಸಿಗೇ ಕೈಗೆ ಹತ್ತಿದ ಚಾಳಿ.

ಅರವತ್ತೊಂಬತ್ತರ ನವೆಂಬರ್, ರೈಲ್ವೆ ಕ್ಲಬ್ಬಿನ ಹಜಾರ.
ಎದುರಿಗೆ ಲಾಟ್ವಿಯಾದ ವೆಲ್ಟಾ, ನೆಗಡಿಯ ಮೂಗು,
ತೋಳಿನಲ್ಲಿ ತುರುಕಿಟ್ಟ ಕರವಸ್ತ್ರ.
ಐದು ಗಂಟೆಯಾಗಿ ಆಟ ನಿಂತಾಗ
ಬೋರ್ಡಿನ ಮೇಲೆ ಉಳಿದದ್ದು ನಾಲ್ಕೇ ಕಾಯಿ.
ವೆಲ್ಟಾಳದು ಬರೀ ರಾಜ.
ಲಾಮಾರಾಳದು ರಾಜ, ಆಮೆ,
ಬಲದಂಚಿನಲ್ಲಿ ರಾಣಿಯಾಗಲು ಮೂರೇ ಹೆಜ್ಜೆ ಬಾಕಿಯಿರುವ ಕಾಲಾಳು.
ಜನ ಆಗಲೇ ಹೂ ತರಿಸಿದ್ದರು.

ಆದರೆ ಕಾಲಾಳು ಮುಟ್ಟಬೇಕಾದ ಮೂಲೆ ಕಪ್ಪು.
ಉಳಿದ ಆಮೆ ಬಿಳುಪಿನದು.
ಕಪ್ಪಿನದನ್ನು ಹತ್ತು ನಡೆ ಹಿಂದೆ
ಒಂದು ಕುದುರೆಗೆ ಕೊಟ್ಟಾಗಿತ್ತು.
ಕ್ಲಬ್ಬಿನ ಕಾಯಿಗಳಲ್ಲಿ ಊನವೇನಿರಲಿಲ್ಲ,
ಕೈ ಮಾತ್ರ ಅದನ್ನು ಬಿರಡೆ ಎಂದೇ ಹಿಡಿದಿತ್ತು.

ಇಲ್ಲಿ ನಿಲ್ಲಿ, ನೋಡಿ.
ಒಂಟಿ ರಾಜ ಆ ಮೂಲೆಗೆ ಹೋಗಿ ಕೂತನೋ
ಎಬ್ಬಿಸುವವರು ಹುಟ್ಟಿಲ್ಲ.
ಚೆಕ್ ಕೊಡಲು ಆಮೆಗೆ ಬಣ್ಣವಿಲ್ಲ;
ಒತ್ತಿ ಒತ್ತಿ ಹತ್ತಿರ ಹೋದರೆ
ಅವನಿಗೆ ಉಸಿರಾಡಲೂ ಮನೆಯಿಲ್ಲದೆ ಸ್ಟೇಲ್‌ಮೇಟ್,
ಸೋಲಿಲ್ಲ, ನಡೆಯೂ ಇಲ್ಲ.
ಬದುಕಬೇಕೆಂದು ಬಯಲಿಗೆ ಓಡಿದನೋ, ಸತ್ತ:
ಮೂಲೆಯ ಬಾಗಿಲಿಗೆ ಆಮೆ ಅಡ್ಡ ಮಲಗುತ್ತದೆ.

ವೆಲ್ಟಾ ನಡೆ ಬರೆದು ಲಕೋಟೆಗೆ ಹಾಕಿ
ನಾಲಿಗೆಯಲ್ಲಿ ಒದ್ದೆ ಮಾಡಿ ಅಂಟಿಸಿದಳು.
ಆ ಲಕೋಟೆ ರಾತ್ರಿಯಿಡೀ ತೀರ್ಪುಗಾರನ ಕಪಾಟಿನಲ್ಲಿತ್ತು,
ಲಾಮಾರಾಳ ಹೊಟ್ಟೆಯಲ್ಲೂ ಇತ್ತು.
ಬೆಳಿಗ್ಗೆ ಕತ್ತರಿ. ಚೀಟಿ.
ಮೂಲೆಯತ್ತ.

ಕೈಗೆ ಬಂದ ತುತ್ತನ್ನು ನೋಡುತ್ತ ಕೂತವಳಿಗೆ
ವೆಲ್ಟಾ ಮುರುಕು ರಷ್ಯನ್ನಿನಲ್ಲಿ ಹೇಳಿದಳು:
ಲೆಕ್ಕ ಹಾಕಲಿಲ್ಲ ನಾನು.
ಮನೆಯಲ್ಲಿ ಒಂಬತ್ತು ಜನ, ಒಂದೇ ಕೋಣೆ,
ಮೂಲೆಯಲ್ಲೇ ಬೆಳೆದವಳು.

ಈಗ ಲಾಮಾರಾಳೇ ತೀರ್ಪುಗಾರ್ತಿ.
ಹನ್ನೆರಡರೊಳಗಿನ ಹುಡುಗಿಯರ ಪಂದ್ಯ;
ಬಾಗಿಲಲ್ಲಿ ಲೋಹ ಹುಡುಕುವ ಕೋಲು ಕೀರಲಾಡುತ್ತದೆ
ಹೇರ್‌ಪಿನ್ನಿಗೂ, ಹಲ್ಲಿನ ತಂತಿಗೂ.
ಲಕೋಟೆಗಳಿಲ್ಲ. ರಾತ್ರಿಗಳಿಲ್ಲ.
ನಾಲ್ಕನೇ ಬೋರ್ಡಿನಲ್ಲಿ
ಗ್ಯುಮ್ರಿಯಿಂದ ಬಂದ ನ್ವಾರ್ಡಳ ಬರೀ ರಾಜ,
ಊರಿನ ತೆಕ್ಲೆಯ ಕಾಲಾಳು, ಆಮೆ.
ಲಾಮಾರಾ ಮೊದಲು ಮೂಲೆ ನೋಡಿದಳು,
ಆಮೇಲೆ ಆಮೆಯ ಕೆಳಗಿನ ಮನೆ.
ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು.

ಹೊರಗೆ, ಅಪ್ಪಂದಿರ ಫೋನಿನಲ್ಲಿ,
ಯಂತ್ರ ಆಗಲೇ ಸೊನ್ನೆ ಎಂದಿದೆ.
ತೆಕ್ಲೆಯ ಅಪ್ಪ ಕೋಟು ತರಲು ಹೋಗಿದ್ದಾನೆ.

ಒಳಗೆ ಸುದ್ದಿ ಇನ್ನೂ ತಲುಪಿಲ್ಲ.
ನ್ವಾರ್ಡ್ ಮೂಲೆಯಲ್ಲಿ ಅತ್ತ ಒಂದು, ಇತ್ತ ಒಂದು
ಹೆಜ್ಜೆ ಹಾಕುತ್ತಾಳೆ, ತುಟಿ ಕಚ್ಚಿ.
ತೆಕ್ಲೆ ಆಮೆಯನ್ನು ದೂರ ಕೊಂಡೊಯ್ದು
ಇನ್ನೊಂದು ದಾರಿಯಲ್ಲಿ ತರುತ್ತಾಳೆ,
ದಾರಿ ಬದಲಾದರೆ ಬಣ್ಣ ಬದಲಾದೀತೆಂಬಂತೆ.

ಐವತ್ತಾಗುವವರೆಗೆ ಅವಳ ಹಕ್ಕು ಅದು.
ಲಾಮಾರಾ ಚೀಟಿಯ ಮೇಲೆ
ಮೂವತ್ತೊಂಬತ್ತನೆಯ ಗೀಟು ಎಳೆಯುತ್ತಾಳೆ,
ನಿಧಾನವಾಗಿ,
ಪೆನ್ಸಿಲಿನ ಸದ್ದೂ ಸುಳಿವಾಗದಂತೆ.